ಏಳು ಸೀಟಿನ ಸಂಭವ

ಈಗಿನ ಮಾತಲ್ಲ, ಬಹಳ ಹಿಂದಿನದು. ಸಂಭವಪುರಿ ಎಂಬ ರಾಜ್ಯವೊಂದಿತ್ತು. ನಕ್ಷೆಯಲ್ಲಿ ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡಿ, ಸಿಗುವುದಿಲ್ಲ. ಆ ರಾಜ್ಯವನ್ನು ಶ್ರೀಮನ್ಮಹಾರಾಜ, ಪ್ರಚಂಡಪ್ರತಾಪ, ದಶಮಾಂಶದಿಕ್ಪಾಲಕ ಶತಾಂಶವರ್ಮರು ಆಳುತ್ತಿದ್ದರು. ಮಹಾರಾಜರಿಗೆ ಶೇಕಡಾವಾರು ಎಂದರೆ ಪಂಚಪ್ರಾಣ. ಊಟಕ್ಕೆ ಕೂತರೆ ಸಾರಿನ ರುಚಿ ನೋಡುವ ಮೊದಲು ಅದು ರುಚಿಯಾಗಿರುವ ಸಂಭವ ಎಷ್ಟೆಂದು ಕೇಳುತ್ತಿದ್ದರು. ಅಡುಗೆಭಟ್ಟರು "ಶೇಕಡಾ ತೊಂಬತ್ತೆರಡು, ಪ್ರಭೂ" ಎಂದರೆ ಸಾಕು, ಉಪ್ಪಿಲ್ಲದ ಸಾರನ್ನೂ ಸೊರ್ರನೆ ಹೀರಿ ಆಹಾ ಎನ್ನುತ್ತಿದ್ದರು. ಮಹಾರಾಣಿಯವರ ಹೆರಿಗೆಯ ದಿನ, ಗಂಡುಮಗುವಾಗುವ ಸಂಭವ ಶೇಕಡಾ ಐವತ್ತು ಎಂದು ವರದಿ ಬಂದದ್ದಕ್ಕೆ ಅರ್ಧ ಊರಿಗೆ ಮಾತ್ರ ಸಕ್ಕರೆ ಹಂಚಿಸಿದರಂತೆ.

ಪ್ರತಿ ಸೋಮವಾರ ಬೆಳಿಗ್ಗೆ ವಾರ್ತಾ ಇಲಾಖೆಯವರು ಸಂತೆ ಮೈದಾನದಲ್ಲಿ ಡಂಗುರ ಹೊಡೆಸಿ ಆ ವಾರದ ಸಂಭವಗಳನ್ನು ಸಾರುತ್ತಿದ್ದರು. ಮಳೆ ಬರುವ ಸಂಭವ ಇಷ್ಟು, ಅಕ್ಕಿ ಸಿಗುವ ಸಂಭವ ಇಷ್ಟು, ಮಂತ್ರಿಗಳು ಕಚೇರಿಗೆ ಬರುವ ಸಂಭವ ಇಷ್ಟು. ಕೊನೆಯದು ಯಾವಾಗಲೂ ಒಂದಂಕಿಯಲ್ಲಿರುತ್ತಿತ್ತು, ಅದೊಂದು ಮಾತ್ರ ಎಂದೂ ತಪ್ಪಾಗುತ್ತಿರಲಿಲ್ಲ.

ಅದೇ ಸಂತೆಯಲ್ಲಿ ಬೀರಣ್ಣನೆಂಬ ಅಳತೆಗಾರನಿದ್ದ. ಅಕ್ಕಿ, ರಾಗಿ, ಹುರುಳಿಯನ್ನು ಸೇರಿನಲ್ಲಿ ಅಳೆದುಕೊಡುವುದು ಅವನ ಕಸುಬು. ಅವನ ಒಬ್ಬಳೇ ಮಗಳು ಕೇತಕಿ. ನಮ್ಮ ಕತೆ ಅವಳದು. ಅಪ್ಪನ ಪಕ್ಕದಲ್ಲಿ ಗೋಣಿಚೀಲದ ಮೇಲೆ ಕೂತೇ ಓದಿ, ಗಣಿತದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ತೆಗೆದುಕೊಂಡವಳು. ಓದಿನ ನಡುನಡುವೆ ಆರು ವರ್ಷ, ಯಾವ ದಿನ ಸಂತೆಗೆ ಎಷ್ಟು ಅಕ್ಕಿ ಬಂತು ಎಂದು ತಪ್ಪದೆ ಬರೆದಿಟ್ಟಿದ್ದಳು. ಅದನ್ನೆಲ್ಲ ಒಟ್ಟಿಗೆ ಹರಡಿಕೊಂಡು ನೋಡಿದಾಗ ಅವಳಿಗೊಂದು ವಿಚಿತ್ರ ಕಂಡಿತು. ಸೋಮವಾರ "ಅಕ್ಕಿ ಸಿಗುವ ಸಂಭವ ಶೇಕಡಾ ಅರವತ್ತು" ಎಂದು ಸಾರಿದರೆ ಮಂಗಳವಾರ ಅಕ್ಕಿ ಮಾಯ. ಮಳೆ ಚೆನ್ನಾಗಿ ಬಂದಿರಲಿ, ಅರಮನೆಯ ಕಣಜ ತುಂಬಿ ತುಳುಕುತ್ತಿರಲಿ, ಅಕ್ಕಿ ಮಾತ್ರ ಇಲ್ಲ. ಡಂಗುರ ಕೇಳಿದ ವರ್ತಕರು ಬೆಲೆ ಏರಲಿ ಎಂದು ಮೂಟೆಗಳನ್ನು ಒಳಕ್ಕೆ ಸೇರಿಸುತ್ತಿದ್ದರು. ಉಳ್ಳವರು ಮುಗಿದುಹೋದೀತೆಂದು ಎರಡರಷ್ಟು ಕೊಂಡು ತುಂಬಿಕೊಳ್ಳುತ್ತಿದ್ದರು. ದಿನದ ಕೂಲಿಯವರು ಬರುವ ಹೊತ್ತಿಗೆ ಬೀರಣ್ಣನ ಸೇರು ಬೋರಲು ಬಿದ್ದಿರುತ್ತಿತ್ತು. ಬರ ಬಂದು ಡಂಗುರ ಹೊಡೆಯುತ್ತಿರಲಿಲ್ಲ, ಡಂಗುರ ಹೊಡೆದು ಬರ ಬರುತ್ತಿತ್ತು.

"ಇದನ್ನ ಅರಮನೆಗೆ ಹೇಳ್ಬೇಕಪ್ಪ," ಎಂದಳು ಕೇತಕಿ.

"ನಾವು ಹೇಳಿದ್ರೆ ಯಾರು ಕೇಳ್ತಾರವ್ವ?" ಎಂದ ಬೀರಣ್ಣ. ಅವನ ಮಾತು ನಿಜ. ಕಣಜದ ವಿಷಯವಾಗಿ ಬಾಯಿ ಬಿಡುವ ಹಕ್ಕು ಅರ್ಥಶಾಸ್ತ್ರ ಮಹಾಪೀಠದಲ್ಲಿ ಡಾಕ್ಟರೇಟ್ ಮಾಡಿದವರಿಗೆ ಮಾತ್ರ ಎಂದು ಕಾನೂನೇ ಇತ್ತು. ಮಹಾಪೀಠದಲ್ಲಿ ವರ್ಷಕ್ಕೆ ಏಳು ಸೀಟು. ಇಪ್ಪತ್ತೈದು ತುಂಬಿದವರಿಗೆ ಪ್ರವೇಶವಿಲ್ಲ. ಕೇತಕಿಗೆ ಇಪ್ಪತ್ತೈದು ತುಂಬಲು ಐದು ತಿಂಗಳಿತ್ತು. ಅಂದರೆ ಈ ಸಲ ಇಲ್ಲದಿದ್ದರೆ ಇನ್ನಿಲ್ಲ.

ಸಂಭವಪುರಿಯಲ್ಲಿ ಬೇರೆಲ್ಲೂ ಇಲ್ಲದ ಒಂದು ಪದ್ಧತಿಯಿತ್ತು. ಅರ್ಜಿ ಹಾಕುವ ಮುನ್ನ ಸೀಟು ಸಿಗುವ ಸಂಭವ ಎಷ್ಟೆಂದು ಕೇಳಿಕೊಂಡು ಬರಬೇಕು. ಮಹಾಪೀಠದ ಹೆಬ್ಬಾಗಿಲ ಎದುರು ಒಂದು ಅರಳಿಕಟ್ಟೆ. ಅದರ ಮೇಲೆ ಮುಖಕ್ಕೆ ಮುಸುಕು ಹಾಕಿಕೊಂಡ ಹತ್ತಾರು ಜನ ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತಿದ್ದರು. ಯಾರು ಏನೆಂದು ಯಾರಿಗೂ ಗೊತ್ತಿಲ್ಲ. ಅಲ್ಲಿ ಕೂರಲು ಇದ್ದ ಅರ್ಹತೆ ಒಂದೇ: ಕನಿಷ್ಠ ಮೂರು ಸಲ ಅರ್ಜಿ ಹಾಕಿ ಸೀಟು ಸಿಗದೆ ವಾಪಸಾಗಿರಬೇಕು. ಬಾಗಿಲ ಒಳಗೆ ಕಾಲಿಡದವರಿಗಿಂತ ಬಾಗಿಲ ಬಗ್ಗೆ ಬಲ್ಲವರು ಯಾರು ಎಂಬುದು ಅಲ್ಲಿಯವರ ನಂಬಿಕೆ.

ಕೇತಕಿಯೂ ತನ್ನ ಕಾಗದಪತ್ರಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕಟ್ಟೆಗೆ ಹೋದಳು.

"ಗಣಿತದಲ್ಲಿ ತೊಂಬತ್ತೊಂಬತ್ತಾ?" ಮೊದಲ ಮುಸುಕು ನಿಟ್ಟುಸಿರಿಟ್ಟಿತು. "ಅಯ್ಯೋ, ಆ ಒಂದು ಅಂಕ ಎಲ್ಲಿ ಹೋಯ್ತಮ್ಮಾ? ಮೈಯಲ್ಲಿ ಹುಷಾರಿರ್ಲಿಲ್ವಾ?"

"ಸಂತೆ ದಿನ ಪರೀಕ್ಷೆ ಇತ್ತು. ಅಪ್ಪನಿಗೆ ಸಹಾಯ ಮಾಡಿ ಓಡಿಬಂದೆ."

"ಅದನ್ನೆಲ್ಲ ಬರೀಬೇಡಿ. ಸಂತೆ ನೋಡಿರೋರು ಅರ್ಥಶಾಸ್ತ್ರಕ್ಕೆ ಬಂದ್ರೆ ಅವರಿಗೆ ಇಷ್ಟ ಆಗಲ್ಲ," ಎಂದಿತು ಎರಡನೆಯ ಮುಸುಕು. "ಶಿಫಾರಸು ಪತ್ರ ಎಲ್ಲಿ?"

ಪತ್ರ ಬರೆದುಕೊಟ್ಟವರು ಅವಳ ಮೇಷ್ಟ್ರು ಮಲ್ಲಪ್ಪನವರು. ಜನ್ಮದಲ್ಲಿ ಒಂದು ಸುಳ್ಳೂ ಬರೆದವರಲ್ಲ, ಅದೇ ಅನಾಹುತಕ್ಕೆ ಕಾರಣವಾಯಿತು. ಪತ್ರದಲ್ಲಿ ಎರಡೇ ಸಾಲು: "ಕೇತಕಿ ಚೆನ್ನಾಗಿ ಓದುತ್ತಾಳೆ. ತಪ್ಪು ಮಾಡಿದರೆ ಒಪ್ಪಿಕೊಂಡು ತಿದ್ದಿಕೊಳ್ಳುತ್ತಾಳೆ."

ಯಾರೋ ಹೋಗಿಬಿಟ್ಟ ಸುದ್ದಿ ಬಂದಂತೆ ಎಲ್ಲ ಮುಸುಕುಗಳೂ ತಲೆತಗ್ಗಿಸಿದವು. ಆ ರಾಜ್ಯದಲ್ಲಿ ಶಿಫಾರಸು ಪತ್ರವೆಂದರೆ "ಸಹಸ್ರಮಾನದ ಪ್ರತಿಭೆ"ಯಿಂದ ಶುರುವಾಗುತ್ತಿತ್ತು. ಬರೀ "ಶತಮಾನದ ಪ್ರತಿಭೆ" ಎಂದು ಬರೆದರೆ ಹುಡುಗನಿಗೆ ಮಗ್ಗಿ ಬಾರದು ಎಂದರ್ಥ. "ಬುದ್ಧಿವಂತ" ಎಂದಿದ್ದರೆ ಜೈಲಿನಿಂದ ಬಂದವನಿರಬೇಕು ಎಂದು ಊಹಿಸುತ್ತಿದ್ದರು.

"ನಿಮ್ಮ ಮೇಷ್ಟ್ರಿಗೆ ನಿಮ್ಮ ಮೇಲೆ ಏನಾದ್ರೂ ದ್ವೇಷ ಇದ್ಯಾ?" ಎಂದು ಮೂರನೆಯ ಮುಸುಕು ಮೆಲ್ಲಗೆ ಕೇಳಿತು.

ಇಷ್ಟರಲ್ಲೇ ಮುಗಿದಿದ್ದರೆ ಕೇತಕಿ ಕೊಡವಿಕೊಂಡು ಎದ್ದು ಅರ್ಜಿ ಹಾಕಿಬರುತ್ತಿದ್ದಳು. ಕಟ್ಟೆಯ ಮಾತಿಗೆ ಅಲ್ಲಿಯವರೆಗೆ ಕಾನೂನಿನ ಬಲವಿರಲಿಲ್ಲ. ಆದರೆ ಅದೇ ವಾರ ಮಹಾರಾಜರ ಸವಾರಿ ಆ ದಾರಿಯಲ್ಲಿ ಹೋಯಿತು. ಮೇನೆಯ ಪರದೆ ಸರಿಸಿದ ಪ್ರಭುಗಳಿಗೆ ಕಟ್ಟೆಯ ಮೇಲಿನಿಂದ "ಶೇಕಡಾ ಹನ್ನೆರಡು! ಶೇಕಡಾ ಮೂವತ್ತೊಂದೂವರೆ!" ಎಂಬ ಕೂಗು ಕೇಳಿಸಿತು. ಮಹಾರಾಜರ ಕಣ್ಣಲ್ಲಿ ನೀರು ಬಂತು.

"ಮಹಾಮಂತ್ರಿಗಳೇ, ಇಂಥ ರತ್ನಗಳು ಮರದ ಬುಡದಲ್ಲಿ ಬಿದ್ದಿವೆಯಲ್ಲ! ನಮ್ಮ ಗಮನಕ್ಕೇಕೆ ತರಲಿಲ್ಲ?"

ಮಹಾಮಂತ್ರಿ ತಥಾಸ್ತುರಾಯರು ಕೈಮುಗಿದರು. "ಪ್ರಭುಗಳೇ ಕಂಡುಹಿಡಿಯಲಿ ಎಂದು ಹತ್ತು ವರ್ಷದಿಂದ ಬಚ್ಚಿಟ್ಟಿದ್ದೆ."

ಮೂರು ದಿನದಲ್ಲಿ ಸಂಭವ ಮಾಪನ ಇಲಾಖೆ ಅಸ್ತಿತ್ವಕ್ಕೆ ಬಂತು. ಕಟ್ಟೆಯವರೆಲ್ಲ ಪೂರ್ಣಾವಧಿ ಅಧಿಕಾರಿಗಳಾದರು, ಮುಸುಕೇ ಸಮವಸ್ತ್ರವಾಯಿತು. ಇಲಾಖೆಯ ಕಟ್ಟಡ ಮಹಾಪೀಠಕ್ಕಿಂತ ಎರಡು ಅಂತಸ್ತು ಎತ್ತರ. ಸಂಭವ ಶೇಕಡಾ ತೊಂಬತ್ತಕ್ಕೆ ಕಡಿಮೆ ಇರುವವರು ಅರ್ಜಿ ಸಲ್ಲಿಸತಕ್ಕದ್ದಲ್ಲ ಎಂದು ಆಜ್ಞೆ ಹೊರಟಿತು. ಆಗದವರು ಅರ್ಜಿ ಹಾಕಿ ಮನಸ್ಸು ನೋಯಿಸಿಕೊಳ್ಳಬಾರದೆಂಬ ಕರುಣೆ ಪ್ರಭುಗಳದು.

ಕೇತಕಿ ಆ ಎತ್ತರದ ಕಟ್ಟಡದ ಮೆಟ್ಟಿಲು ಹತ್ತಿ ಮುಖ್ಯ ಸಂಭವಾಧಿಕಾರಿ ವಿಲೋಚನರ ಮುಂದೆ ನಿಂತಳು. ಅವರು ಕಾಗದಗಳನ್ನು ತಿರುವಿಹಾಕಿ, ಬೆರಳ ಗೆಣ್ಣಿನ ಮೇಲೆ ಏನೋ ಲೆಕ್ಕ ಮಾಡಿ, ಕೆಂಪು ಮಸಿಯಲ್ಲಿ ಬರೆದರು: ನಾಲ್ಕು.

"ನಾಲ್ಕು ಹೇಗೆ ಬಂತು ಸಾರ್?"

"ಇದುವರೆಗೆ ಸೀಟು ಸಿಕ್ಕಿದೋರ ಪಟ್ಟಿ ತೆಗೆದು ನೋಡಿದ್ವಿ. ಅದರಲ್ಲಿ ಅಳತೆಗಾರರ ಮಗಳು ಒಬ್ಬಳೂ ಇಲ್ಲ. ಹಾಗಾಗಿ ಸೊನ್ನೆ."

"ಅಳತೆಗಾರರ ಮಗಳು ಯಾರೂ ಇದುವರೆಗೆ ಅರ್ಜಿನೇ ಹಾಕಿಲ್ವಲ್ಲ ಸಾರ್?"

"ಅದನ್ನೇ ನಾವೂ ಹೇಳೋದು," ಎಂದರು ವಿಲೋಚನರು ಬಹಳ ಸಮಾಧಾನದಿಂದ. "ಅರ್ಜಿ ಹಾಕದೇ ಇರೋರಿಗೆ ಸೀಟು ಸಿಕ್ಕಿದ ಉದಾಹರಣೆ ದಾಖಲೆಯಲ್ಲಿಲ್ಲ."

"ಮತ್ತೆ ಈ ನಾಲ್ಕು?"

"ಮೂರು ಮಹಡಿ ಹತ್ತಿ ಬಂದಿದ್ದೀರಲ್ಲ. ಪ್ರೋತ್ಸಾಹಕ್ಕೆ ಅಂತ ಕೊಟ್ಟಿದ್ದು."

ಪಕ್ಕದ ಕಿಟಕಿಯಲ್ಲಿ ಸಂಭವ ಪತ್ರ ಹಂಚುತ್ತಿದ್ದರು. ಅಂಕಿತದ ಮಸಿ ಆರುವ ಮೊದಲೇ ಪತ್ರಗಳು ಹೊರಬೀಳುತ್ತಿದ್ದವು. ದಂಡನಾಯಕರ ಮಗನಿಗೆ ತೊಂಬತ್ತೇಳು, ಅರಮನೆ ವೈದ್ಯರ ಇಬ್ಬರು ಸೊಸೆಯರಿಗೂ ತೊಂಬತ್ತೇಳು, ಆನೆಲಾಯದ ಗುತ್ತಿಗೆದಾರರ ಬಳಗ ಪೂರ್ತಿಗೆ ತೊಂಬತ್ತೇಳು. ಕೇತಕಿ ನಿಂತಲ್ಲೇ ಎಣಿಸಿದಳು. ಮುನ್ನೂರಾಯಿತು.

"ಸೀಟು ಏಳು. ಮುನ್ನೂರು ಜನಕ್ಕೂ ತೊಂಬತ್ತೇಳು ಹೇಗಾಗುತ್ತೆ ಸಾರ್?"

ವಿಲೋಚನರು ಮುಸುಕನ್ನು ಸರಿಮಾಡಿಕೊಂಡರು. "ನೋಡಮ್ಮ, ನಾವು ಒಬ್ಬೊಬ್ಬರದೇ ಸಂಭವ ಹೇಳೋರು. ಎಲ್ಲರನ್ನೂ ಒಟ್ಟಿಗೆ ನೋಡೋದು ಬೇರೆ ಇಲಾಖೆ. ಅದಿನ್ನೂ ಮಂಜೂರಾಗಿಲ್ಲ."

ಕೇತಕಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ತಾನು ದಡ್ಡಿ ಎಂದು ಯಾರಾದರೂ ಪ್ರಶ್ನೆ ಕೇಳಿ ತೋರಿಸಿಕೊಟ್ಟಿದ್ದರೆ ಒಪ್ಪಿಕೊಂಡು ಮನೆಗೆ ಹೋಗುವವಳೇ. ಆರು ವರ್ಷ ಬರೆದಿಟ್ಟ ಆ ಕಟ್ಟನ್ನು ಒಬ್ಬರೂ ಬಿಚ್ಚಿ ನೋಡಿರಲಿಲ್ಲ. ದಾರಿಯುದ್ದಕ್ಕೂ ಅದೊಂದೇ ಅವಳನ್ನು ಕೊರೆಯಿತು.

ಪ್ರವೇಶದ ಪಟ್ಟಿ ಹೊರಬಿದ್ದ ದಿನ ಊರಿಗೆ ಬೆಂಕಿ ಬಿದ್ದಂತಾಯಿತು. ಏಳು ಜನಕ್ಕೆ ಸೀಟು ಸಿಕ್ಕಿತು. ಉಳಿದ ಇನ್ನೂರ ತೊಂಬತ್ತಮೂರು ತೊಂಬತ್ತೇಳುಗಳು ಸಂಭವ ಪತ್ರ ಹಿಡಿದು ಅರಮನೆಗೆ ಮುತ್ತಿಗೆ ಹಾಕಿದವು. ಸಾಧಾರಣ ಜನರ ಮಕ್ಕಳಾಗಿದ್ದರೆ ಲಾಠಿ ಬೀಸಿ ಮುಗಿಸಬಹುದಿತ್ತು. ಇವರೆಲ್ಲ ಲಾಠಿ ಬೀಸುವವರ ಮಕ್ಕಳೇ. ಬೇರೆ ದಾರಿಯಿಲ್ಲದೆ ಮಹಾರಾಜರು ಬಹಿರಂಗ ದರ್ಬಾರು ಕರೆದರು. ದೂರು ಇರುವ ಯಾರು ಬೇಕಾದರೂ ಬರಬಹುದೆಂದು ಸಾರಿದರು. ಕೇತಕಿಯೂ ಹೋದಳು. ಬೀರಣ್ಣ ಹಬ್ಬಕ್ಕೆಂದು ಎತ್ತಿಟ್ಟಿದ್ದ ರುಮಾಲು ಸುತ್ತಿಕೊಂಡು ಮಗಳ ಹಿಂದೆ ನಿಂತ.

ದರ್ಬಾರಿನಲ್ಲಿ ಇಬ್ಬರ ಮಾತಿಗಿಂತ ಮೂರನೆಯವರ ಮಾತು ಜೋರಾಗಿ, ಏನೂ ಕೇಳಿಸದಂತಾಗಿತ್ತು. ವಿಲೋಚನರು ತೊಂಬತ್ತೇಳೆಂದರೆ ಉಳಿದ ಮೂರೂ ಆಗಬಹುದೆಂದೇ ಅರ್ಥ ಎಂದು ವಾದಿಸುತ್ತಿದ್ದರು. ದಂಡನಾಯಕರು ಕತ್ತಿಯ ಹಿಡಿ ತಟ್ಟುತ್ತಿದ್ದರು. ಆ ಗದ್ದಲದ ನಡುವೆ ಕೇತಕಿ ಮುಂದೆ ಬಂದು ಕೈಮುಗಿದಳು.

"ಪ್ರಭೂ, ನಂದೊಂದು ಮಾತು. ಸೀಟಿನ ಸಂಭವ ತೊಂಬತ್ತೇಳು ಅಂತ ಹೇಳಿದ್ರಿ. ಕೇಳಿಸಿಕೊಂಡೋರೆಲ್ಲ ಆಸೆಪಟ್ಟು ಬಂದ್ರು. ಬಂದಿದ್ರಿಂದ್ಲೇ ಅದು ಎರಡಕ್ಕೆ ಇಳೀತು. ನನಗೆ ನಾಲ್ಕು ಅಂದ್ರಿ, ಬಾಗಿಲಲ್ಲೇ ತಡೆದ್ರಿ, ಸೊನ್ನೆ ಆಯ್ತು. ನೀವು ಹೇಳೋ ಸಂಭವ ಮಳೆ ಮೋಡದ ಹಾಗೆ ಮೇಲೆ ನಿಂತಿರಲ್ಲ ಪ್ರಭೂ, ಕೆಳಗಿಳಿದು ಜನರೊಳಗೆ ಸೇರ್ಕೊಂಡ್ಬಿಡುತ್ತೆ. ಅಕ್ಕಿ ವಿಷಯವೂ ಹೀಗೇ. ಆರು ವರ್ಷದ್ದು ಇಲ್ಲಿ ಬರೆದಿಟ್ಟಿದ್ದೀನಿ. ಸಿಗೋದು ಕಷ್ಟ ಅಂತ ಸಾರಿದ ದಿನದಿಂದ್ಲೇ ಸಿಗದೆ ಹೋಗುತ್ತೆ. ಒಂದು ವರ್ಷ ಸಾರೋದು ನಿಲ್ಲಿಸಿ, ಕಣಜದ ಬಾಗಿಲು ಸ್ವಲ್ಪ ತೆಗೀರಿ. ಅಷ್ಟೇ ಸಾಕು."

ದಂಡನಾಯಕರು ಕೂಡ ಕತ್ತಿಯ ಹಿಡಿ ಬಿಟ್ಟು ಅವಳ ಕಡೆ ತಿರುಗಿದ್ದರು. ಜೀವನದಲ್ಲಿ ಮೊದಲ ಸಲ ಯಾರೋ ತನ್ನ ಮಾತನ್ನು ಪೂರ್ತಿ ಕೇಳಿದ್ದಾರೆ ಎಂದು ಕೇತಕಿಯ ಎದೆ ತುಂಬಿಬಂತು. ಬೀರಣ್ಣ ರುಮಾಲಿನ ಅಂಚಿನಿಂದ ಕಣ್ಣೊರೆಸಿಕೊಂಡ.

ಮಹಾರಾಜರು ಸಿಂಹಾಸನದ ತುದಿಗೆ ಸರಿದರು. "ಹಾಗಾದರೆ ಎಲೈ ಬಾಲೆ, ನಾವು ಏನೆಂದು ಸಾರುತ್ತೇವೋ ಅದೇ ಆಗುತ್ತದೆ ಎಂದು ನಿನ್ನ ಮಾತಿನ ತಾತ್ಪರ್ಯವೆ?"

"ಹಾಗಲ್ಲ ಪ್ರಭೂ, ನೀವು ಸಾರೋದ್ರಿಂದ ಇರೋದೂ ಕೆಡುತ್ತೆ ಅಂತ..."

ತಥಾಸ್ತುರಾಯರು ಅಷ್ಟರಲ್ಲಿ ಎದ್ದು ನಿಂತಿದ್ದರು. "ಆಹಾ! ಏನು ಹೇಳಿದೆ ತಾಯಿ! ಪ್ರಭುಗಳ ನಾಲಿಗೆಗೆ ಭೂಮಿ ಓಗೊಡುತ್ತದೆ ಎಂದು ಆರು ವರ್ಷ ಅಧ್ಯಯನ ಮಾಡಿ ಸಾಧಿಸಿದ್ದಾಳೆ! ನಾವು ಹೊಗಳಿದ್ದನ್ನು ಇವಳು ಅಂಕಿ ಅಂಶ ಸಮೇತ ತಂದಿದ್ದಾಳೆ!"

"ಅಯ್ಯೋ, ನಾನು ಹೇಳಿದ್ದು ಅದಲ್ಲ!" ಎಂದು ಕೇತಕಿ ಕೂಗಿದಳು. ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಮಹಾರಾಜರ ಮುಖದಲ್ಲಿ ಪಶ್ಚಾತ್ತಾಪ ಎದ್ದು ಕಾಣುತ್ತಿತ್ತು. "ಅಕ್ಕಿಗೆ ಅರವತ್ತು ಎಂದು ಸಾರಿದವರು ನಾವೇ. ಅದಕ್ಕೇ ಸಿಗಲಿಲ್ಲ. ಸೀಟಿಗೆ ತೊಂಬತ್ತೇಳು ಎಂದು ಮೂರು ಉಳಿಸಿಕೊಂಡವರೂ ನಾವೇ. ನಮ್ಮ ಜಿಪುಣತನದಿಂದ ಪ್ರಜೆಗಳು ಇಷ್ಟು ಕಾಲ ನರಳಿದರಲ್ಲ! ಇನ್ನು ಮುಂದೆ ನಮ್ಮ ರಾಜ್ಯದಲ್ಲಿ ಎಲ್ಲದರ ಸಂಭವವೂ ಶೇಕಡಾ ನೂರು."

ಆ ಸಂಜೆಯೇ ಆದೇಶ ಹೊರಬಿತ್ತು. ಆದೇಶದ ಸಂಖ್ಯೆಯೂ ನೂರು. ಅರ್ಥಶಾಸ್ತ್ರದ ಡಾಕ್ಟರೇಟ್ ಸಿಗುವ ಸಂಭವ ಸಮಸ್ತ ಪ್ರಜೆಗಳಿಗೂ ನೂರಾಗಿರುವ ಕಾರಣ ಎಲ್ಲರೂ ಡಾಕ್ಟರರೆಂದು ತಿಳಿಯತಕ್ಕದ್ದು. ಅಕ್ಕಿ ಸಿಗುವ ಸಂಭವ ನೂರಾಗಿರುವ ಕಾರಣ ಅದನ್ನು ಕಣಜದಲ್ಲಿ ಕೂಡಿಡುವುದು ಪ್ರಭುಗಳ ವಾಕ್ಯದ ಮೇಲಿನ ಅಪನಂಬಿಕೆ ಎಂದು ಪರಿಗಣಿಸತಕ್ಕದ್ದು. ಮತ್ತು ಯಾವುದೇ ಪ್ರಜೆ ಯಾವುದೇ ಸಂಭವವನ್ನು ನೂರಕ್ಕಿಂತ ಇಳಿಸುವ ರೀತಿಯಲ್ಲಿ ಮಾತನಾಡತಕ್ಕದ್ದಲ್ಲ.

ಮರುದಿನ ಕೇತಕಿ ಮಹಾಪೀಠಕ್ಕೆ ಓಡಿದಳು. ಡಾಕ್ಟರೇಟ್ ಬೇಡ, ಒಳಗೆ ಕೂತು ಓದಲು ಬಿಟ್ಟರೆ ಸಾಕು, ಒಬ್ಬರಾದರೂ ಗುರುಗಳ ಮುಂದೆ ತನ್ನ ಕಟ್ಟು ಬಿಚ್ಚಿ ತೋರಿಸಿದರೆ ಸಾಕು ಎಂಬ ಆಸೆ ಅವಳದು. ಹೆಬ್ಬಾಗಿಲಿಗೆ ಬೀಗ ಬಿದ್ದಿತ್ತು.

"ಇನ್ಮೇಲೆ ಪಾಠ ಇಲ್ಲ ಡಾಕ್ಟ್ರೇ," ಎಂದ ಕಾವಲುಗಾರ. "ಎಲ್ಲಾರ್ಗೂ ಸಿಕ್ಕಿದ್ಮೇಲೆ ಯಾರಿಗೆ ಹೇಳ್ಕೊಡೋದು? ಗುರುಗಳೆಲ್ಲ ಇಲಾಖೆಗೆ ಗುಮಾಸ್ತರಾಗಿ ಹೋದ್ರು. ನಂಗೂ ಬಂತು ನೋಡಿ." ಅವನು ಜೇಬಿನಿಂದ ಪದವಿಪತ್ರ ತೆಗೆದು ತೋರಿಸಿದ. ಅವನ ಹೆಸರು ತಪ್ಪಾಗಿ ಬರೆದಿದ್ದರು. ಅದಕ್ಕೆ ಅವನಿಗೇನೂ ಬೇಜಾರಿದ್ದಂತೆ ಕಾಣಲಿಲ್ಲ.

ಘಟಿಕೋತ್ಸವ ಮೂರು ದಿನ ನಡೆಯಿತು. ಒಂದು ಲಕ್ಷ ಡಾಕ್ಟರರನ್ನು ಕೂರಿಸಲು ಬೇರೆಲ್ಲೂ ಜಾಗ ಸಾಲದೆ ಕಣಜವನ್ನೇ ಸಭಾಂಗಣ ಮಾಡಿದರು. ಒಳಗಿದ್ದ ಅಕ್ಕಿಯನ್ನು ಅಂಗಳಕ್ಕೆ ಸುರಿದರು. ಪ್ರತಿಯೊಬ್ಬ ಡಾಕ್ಟರನ ತಲೆಯ ಮೇಲೂ ಮಹಾರಾಜರು ಸ್ವಹಸ್ತದಿಂದ ಒಂದೊಂದು ಬೊಗಸೆ ಅಕ್ಷತೆ ಹಾಕಬೇಕೆಂದು ತಥಾಸ್ತುರಾಯರು ಸಲಹೆ ಕೊಟ್ಟರು. ಅರಿಸಿನ ಕಲಸಿದ ಅಕ್ಕಿ ಮೂಟೆ ಮೂಟೆಯಾಗಿ ತಲೆಗಳ ಮೇಲೆ ಬಿದ್ದು, ಕಾಲ ಕೆಳಗೆ ಹಾಸಿ, ಮೆಟ್ಟಿ ನುಚ್ಚಾಯಿತು. ಮೂರೂ ದಿನ ಭೂರಿಭೋಜನ. ಬಡಿಸಿ ಮಿಕ್ಕದ್ದು ಅಂಗಳದಲ್ಲಿತ್ತು. ನಾಲ್ಕನೆಯ ದಿನ ಮಳೆ ಬಂತು. ಅಕ್ಕಿಗೆ ಇನ್ನು ಬರವಿಲ್ಲವೆಂದು ಅರಮನೆಯೇ ಹೇಳಿದ ಮೇಲೆ ಈ ಊರಲ್ಲಿ ಬೆಲೆ ಬಾರದೆಂದು ವರ್ತಕರು ತಮ್ಮ ಮೂಟೆಗಳನ್ನು ಗಾಡಿಗೇರಿಸಿ ಪಕ್ಕದ ರಾಜ್ಯಕ್ಕೆ ಹೊಡೆದುಕೊಂಡು ಹೋದರು.

ಕೇತಕಿಗೆ ತನ್ನ ಬಾಯಿಯ ಮೇಲೆಯೇ ಜಿಗುಪ್ಸೆ ಬಂದಿತ್ತು. "ನಾನು ದರ್ಬಾರಿಗೆ ಹೋಗದೇ ಇದ್ದಿದ್ರೆ ಕಣಜ ಆದ್ರೂ ಉಳೀತಿತ್ತಲ್ಲಪ್ಪ," ಎಂದು ಅವಳು ಅತ್ತಾಗ ಬೀರಣ್ಣ ಖಾಲಿ ಸೇರನ್ನು ಎತ್ತಿ ಒರೆಸಿ ಮತ್ತೆ ಬೋರಲು ಹಾಕಿದ. ಅಳೆಯಲು ಏನೂ ಇಲ್ಲದೆ ಅವನೂ ಹತ್ತು ದಿನದಿಂದ ಮನೆಯಲ್ಲೇ ಇದ್ದ. ಅವನೂ ಈಗ ಡಾಕ್ಟರು.

ತಿಂಗಳಾಯಿತು. ರಾಜ್ಯದ ವಿದ್ವತ್ ಪರಿಷತ್ತು, ಅಂದರೆ ಊರಿಗೆ ಊರೇ, ಸೇರಿ ಮಹಾರಾಜರಿಗೆ "ಶತಪ್ರತಿಶತ ಚಕ್ರವರ್ತಿ" ಎಂಬ ಬಿರುದು ಕೊಟ್ಟಿತು. ಹಸಿದ ಹೊಟ್ಟೆಯಲ್ಲಿ ಚಪ್ಪಾಳೆ ಅಷ್ಟು ಜೋರಾಗಿ ಬರಲಿಲ್ಲ, ಆದರೆ ಬಂತು. ಅದಾದ ಮಾರನೆಯ ಬೆಳಿಗ್ಗೆ ಅರಮನೆಯ ಉಗ್ರಾಣದ ಮುಂದೆ ಅಕ್ಕಿ ಕೊಡುತ್ತಾರೆಂದು ಸಾಲು ನಿಂತಿತು. ಹೊತ್ತು ನೆತ್ತಿಗೇರಿತು. ಉಗ್ರಾಣದ ಬಾಗಿಲು ತೆರೆಯಲಿಲ್ಲ. ಸಾಲಿನಲ್ಲಿ ಕೇತಕಿ ನಿಂತಿದ್ದಳು. ಅವಳ ಮುಂದೆ ಬಟ್ಟೆ ಒಗೆಯುವ ಹೆಂಗಸೊಬ್ಬಳು, ಸೊಂಟದಲ್ಲಿ ಎರಡು ವರ್ಷದ ಹೆಣ್ಣುಮಗು. ಮಗು ಅತ್ತೂ ಅತ್ತೂ ಸುಸ್ತಾಗಿ ಈಗ ಸುಮ್ಮನಾಗಿತ್ತು.

"ಡಾಕ್ಟ್ರಮ್ಮಾ," ಎಂದು ಆ ಹೆಂಗಸು ತಿರುಗಿ ಮೆಲ್ಲಗೆ ಕೇಳಿದಳು, "ಇವತ್ತು ಕೊಡ್ತಾರಾ? ಇಲ್ಲ ಅಂದ್ರೆ ನದಿ ದಾಟಿ ನಮ್ಮಕ್ಕನ ಮನೆಗಾದ್ರೂ ಹೋಯ್ತೀನಿ. ಕತ್ಲಾಗೋದ್ರೊಳ್ಗೆ ಸೇರ್ಕೋಬೋದು. ದಿಟ ಹೇಳಿ."

ಸಾಲಿನ ಪಕ್ಕದಲ್ಲೇ ಮುಸುಕುಧಾರಿ ಅಧಿಕಾರಿಯೊಬ್ಬ ಕೈಕಟ್ಟಿ ನಿಂತಿದ್ದ. ಕೇತಕಿ ಅವನನ್ನು ನೋಡಿದಳು, ಮಗುವಿನ ಮುಖ ನೋಡಿದಳು.

"ಕೊಡಲ್ಲ ಅಕ್ಕ," ಎಂದಳು. "ಒಳಗೆ ಅಕ್ಕಿ ಇಲ್ಲ. ನಿಲ್ಲಬೇಡಿ, ಈಗಲೇ ಹೊರಡಿ."

ವಿಚಾರಣೆ ಅಲ್ಲೇ, ರಸ್ತೆಯ ಮೇಲೆಯೇ ಮುಗಿಯಿತು. ಸಂಭವ ಇಳಿಸಿದ್ದು ಸಾಬೀತಾಗಿತ್ತು, ನೂರಾರು ಡಾಕ್ಟರರು ಸಾಕ್ಷಿಯಿದ್ದರು. ಅಪರಾಧಿಯ ಡಾಕ್ಟರೇಟನ್ನು ವಾಪಸು ಪಡೆದು ಅವಳನ್ನು ಗಡಿಯಾಚೆ ಕಳಿಸುವಂತೆ ಆಜ್ಞೆಯಾಯಿತು. ಹೀಗೆ ಸಂಭವಪುರಿಯಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಇಲ್ಲದವಳೆಂದರೆ ಕೇತಕಿ ಒಬ್ಬಳೇ ಆದಳು. ಸೈನಿಕರು ಅವಳನ್ನು ಕರೆದುಕೊಂಡು ಹೋಗುವಾಗ ಬಟ್ಟೆ ಒಗೆಯುವ ಹೆಂಗಸು ಒಂದು ಗಳಿಗೆ ನದಿಯ ಕಡೆ ನೋಡಿದಳು. ಆಮೇಲೆ ಬಾಗಿಲ ಕಡೆ ನೋಡಿದಳು. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಅಲ್ಲೇ ನಿಂತಳು.

ಸಾಲಿನಲ್ಲಿ ಒಬ್ಬರು ಕಡಿಮೆಯಾಗಿದ್ದರು. ಹಿಂದಿದ್ದವರೆಲ್ಲ ಸಂತೋಷದಿಂದ ಒಂದು ಹೆಜ್ಜೆ ಮುಂದೆ ಸರಿದರು.